ಹಸು ಕಂದು ಹಾಕಿದ ಮೇಲೆ ಅಪ್ಪನಿಗೆ ಬಿಡದ ಜ್ವರ, ಸಂಬಂಧ ಇರಬಹುದಾ?

ಹಟ್ಟಿಮನೆ:
ನಮ್ಮಲ್ಲಿ ನಾಲ್ಕು ಎಚ್‌ಎಫ್ ಹಸು ಇವೆ. ಎರಡು ತಿಂಗಳ ಹಿಂದೆ ಒಂದು ಏಳನೇ ತಿಂಗಳಿಗೇ ಕಂದು ಹಾಕಿತು (ಗರ್ಭಪಾತ ಆಯಿತು), ಕಸವೂ (ಮಾಸು) ಬೀಳಲಿಲ್ಲ, ಅಪ್ಪ ಬರಿಗೈಯಲ್ಲೇ ಎಳೆದು ತೆಗೆದರು. ಈಗ ಇಪ್ಪತ್ತು ದಿನದಿಂದ ಅವರಿಗೆ ಸಂಜೆಯಾದರೆ ಜ್ವರ, ರಾತ್ರಿ ಬನಿಯನ್ ಹಿಂಡುವಷ್ಟು ಬೆವರು, ಬೆಳಿಗ್ಗೆ ನೋಡಿದರೆ ಏನೂ ಆಗದವರ ಹಾಗೆ ಹಾಲು ಕರೆಯಲು ಕೂತಿರುತ್ತಾರೆ. ಸೊಂಟ ನೋವು ಜಾಸ್ತಿ. ಡೆಂಗಿ, ಮಲೇರಿಯಾ, ಟೈಫಾಯ್ಡ್ ಯಾವುದೂ ಇಲ್ಲವಂತೆ. ಮೊದಲೆಲ್ಲ ಜ್ವರ ಅಂದರೆ ಜ್ವರ ಅಷ್ಟೇ. ಈಗ ಇಲಿ ಜ್ವರ, ಸ್ಕ್ರಬ್ ಟೈಫಸ್ ಅಂತ ದಿನಕ್ಕೊಂದು ಹೆಸರು. ಪ್ರಾಣಿಗಳಿಂದ ಬರುವ ಕಾಯಿಲೆ ನಿಜವಾಗಿಯೂ ಜಾಸ್ತಿ ಆಗಿದೆಯಾ?

ದನದ ಡಾಕ್ಟ್ರು:
ಮೊದಲು ಅಪ್ಪನ ವಿಷಯ. ಇದು ಬ್ರುಸೆಲ್ಲೋಸಿಸ್ ಇರಬಹುದು, ಹಳ್ಳಿಯಲ್ಲಿ ಕಂದು ರೋಗ ಅಂತಾರಲ್ಲ, ಅದೇ. ಸತ್ತ ಕರುವಿನಲ್ಲಿ, ಕಸದಲ್ಲಿ ಬ್ಯಾಕ್ಟೀರಿಯಾ ತುಂಬಿರುತ್ತದೆ, ಕೈಯಲ್ಲಿ ಒಂದು ತರಚು ಗಾಯ ಇದ್ದರೆ ಸಾಕು. ಹಸಿ ಹಾಲಿನಿಂದಲೂ ಬರುತ್ತದೆ, ಕುದಿಸಿದರೆ ಭಯವಿಲ್ಲ. ಡಾಕ್ಟರ ಹತ್ತಿರ ಹೋದಾಗ ಹಸು ಕಂದು ಹಾಕಿದ್ದು, ಕಸ ತೆಗೆದದ್ದು ಎಲ್ಲ ಹೇಳಿ. ಹೇಳದಿದ್ದರೆ ಈ ಟೆಸ್ಟ್ ಬರೆಯಬೇಕು ಅಂತ ಅವರಿಗೆ ಹೊಳೆಯುವುದೇ ಕಷ್ಟ. ಉಳಿದ ಹಸುಗಳ ರಕ್ತವನ್ನೂ ಪರೀಕ್ಷೆ ಮಾಡಿಸಿ. 2019ರಲ್ಲಿ ಶುರುವಾದ ಕೇಂದ್ರದ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ಹಾಕುತ್ತಾರೆ, ಜೀವಮಾನಕ್ಕೆ ಒಂದೇ ಸಲ, ಆ ವಯಸ್ಸು ದಾಟಿಸಬೇಡಿ.

ಲ್ಯಾಬ್ ಹುಡುಗಿ:
ಜಾಸ್ತಿ ಆಗಿದೆಯಾ ಅಂದರೆ, ಅರ್ಧ ಉತ್ತರ ನಮ್ಮ ಟೇಬಲ್ ಮೇಲಿದೆ. ಹುಡುಕಿದರೆ ತಾನೇ ಸಿಗೋದು? ಸ್ಕ್ರಬ್ ಟೈಫಸ್ ಟೆಸ್ಟ್ ಇಲ್ಲದಿದ್ದಾಗ ಅದೂ ಸುಮ್ನೆ "ವೈರಲ್ ಜ್ವರ" ಆಗಿಬಿಡುತ್ತಿತ್ತು. ಹಾಗಂತ ಎಲ್ಲವೂ ಬರೀ ಟೆಸ್ಟ್ ಮಹಿಮೆ ಅಲ್ಲ, ಮಳೆ ಜೋರಾಗಿ ನೀರು ನಿಂತ ವರ್ಷ ಇಲಿ ಜ್ವರ ಏರುವುದು ನಿಜ, 2018ರ ಕೇರಳ ನೆರೆ ನೆನಪಿದೆಯಲ್ಲ. ಬ್ರುಸೆಲ್ಲಾಗೆ ರೋಸ್ ಬೆಂಗಾಲ್ ಟೆಸ್ಟ್ ಇದೆ. ರಕ್ತದ ಸೀರಮ್ ಜೊತೆ ಗುಲಾಬಿ ಬಣ್ಣದ ಟೆಸ್ಟ್ ದ್ರವ ಒಂದು ಹನಿ ಕಲಸಿ ತಟ್ಟೆ ಅಲುಗಾಡಿಸಿದರೆ, ಸೋಂಕು ಇದ್ದಲ್ಲಿ ನಾಲ್ಕು ನಿಮಿಷದಲ್ಲಿ ಹಾಲು ಒಡೆದ ಹಾಗೆ ಗಂಟುಗಂಟಾಗುತ್ತದೆ. ಆಮೇಲೆ ಇನ್ನೊಂದು ಟೆಸ್ಟ್ ಮಾಡಿ ಖಚಿತ ಮಾಡಿಕೊಳ್ಳಬೇಕು. ಬ್ಲಡ್ ಕಲ್ಚರ್ (ರಕ್ತದಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು) ಕೊಡುವುದಾದರೆ ಅನುಮಾನ ಏನು ಅಂತ ಲ್ಯಾಬಿಗೆ ಮೊದಲೇ ಹೇಳಿ, ನಮಗೂ ಅಂಟುತ್ತದೆ ಮಾರಾಯ್ರೆ!

ಮೂರು ಹಸು ಒಂದು ಎಮ್ಮೆ:
ನನಗೆ ಬಂದಿತ್ತು. ಆರು ವಾರ ಎರಡು ಥರದ ಮಾತ್ರೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಹೆದರಿದ್ದೆ, ಅದು ರಿಫಾಂಪಿಸಿನ್ ಮಾತ್ರೆಯಿಂದಂತೆ. ಹದಿನೈದು ದಿನಕ್ಕೆ ಜ್ವರ ಬಿಟ್ಟಿತು ಅಂತ ನಿಲ್ಲಿಸಿದೆ, ತಿಂಗಳಲ್ಲಿ ಮತ್ತೆ ಬಂತು, ಮೊದಲಿನಿಂದ ಶುರು ಮಾಡಬೇಕಾಯಿತು. ಇನ್ನೊಂದು, ಆ ಹಸುವನ್ನು ಸಂತೆಗೆ ಹೊಡೆಯಬೇಡಿ. ನನಗೆ ಒಬ್ಬರು ಹಾಗೆ ಮಾರಿದ್ದೇ.

ಹಟ್ಟಿಮನೆ:
ನಾಳೆ ರಕ್ತ ಕೊಡಿಸುತ್ತೇವೆ. ಗ್ಲೌಸ್ ತಂದಿಟ್ಟಿದ್ದೇನೆ, "ಐವತ್ತು ವರ್ಷ ಹೀಗೇ ಕರು ಎಳೆದಿದ್ದೇನೆ" ಅಂತಿದ್ದಾರೆ ಅಪ್ಪ.