ತಲಘಟ್ಟಪುರದ ಹತ್ರ ರೋ ಹೌಸ್ ತಗೊಳ್ಬೇಕು ಅಂತಿದೀವಿ, ಏನೇನ್ ನೋಡ್ಬೇಕು?

ಮೆಟ್ರೋ ಮಂಜ:
ಎಲ್ರಿಗೂ ನಮಸ್ಕಾರ. ಬೆಂಗಳೂರಿನ ತಲಘಟ್ಟಪುರ ಮೆಟ್ರೋ ಸ್ಟೇಷನ್ನಿಂದ ಸ್ವಲ್ಪ ಒಳಗೆ ಒಂದು ರೋ ಹೌಸ್ ನೋಡಿದೀವಿ, ಒಟ್ಟು 22 ಮನೆ ಸಾಲಾಗಿ ಅಂಟ್ಕೊಂಡಿರೋದು, ಗ್ರೌಂಡ್ ಪ್ಲಸ್ ಎರಡು ಫ್ಲೋರು, ನಮಗೆ ತೋರ್ಸಿದ್ದು ಮಧ್ಯದ್ದು, 1.4 ಕೋಟಿ ಹೇಳ್ತಿದಾರೆ. ಕೆಲಸ ಇನ್ನೂ ನಡೀತಿದೆ. ಅಪಾರ್ಟ್ಮೆಂಟ್ ಬೇಡ, ಕಾಲ್ಕೆಳಗಿನ ನೆಲ ನಮ್ದಾಗಿರ್ಬೇಕು ಅಂತ ಅಪ್ಪನ ಹಠ, ಸೈಟ್ ತಗೊಂಡು ಮನೆ ಕಟ್ಸೋಷ್ಟು ದುಡ್ಡು ನಮ್ಹತ್ರ ಇಲ್ಲ. ಬಿಲ್ಡರ್ ಕಡೆಯವ್ರು ಇ-ಖಾತಾ (ಆಸ್ತಿಯ ಆನ್‌ಲೈನ್ ದಾಖಲೆ) ಇದೆ, ಲೋನ್ ಆಗುತ್ತೆ, ಭಾನುವಾರದೊಳಗೆ ಟೋಕನ್ ಕೊಡಿ ಅಂತ ದಿನಾ ಫೋನ್ ಮಾಡ್ತಾರೆ. ಗೊತ್ತಿರೋರು ಹೇಳಿ ಪ್ಲೀಸ್.

ಉತ್ತರಹಳ್ಳಿ ಆಂಟಿ:
ಮಂಜ, ಮೊದ್ಲು ಒಂದ್ ಪ್ರಶ್ನೆ. ಅಪ್ಪ ಅಮ್ಮ ಜೊತೇಲಿರ್ತಾರಾ? ಇರೋದಾದ್ರೆ ಗ್ರೌಂಡ್ ಫ್ಲೋರಲ್ಲಿ ರೂಮು ಬಾತ್ರೂಮು ಇದ್ಯಾ ನೋಡಿ. ಇಂಥಾ ಮನೆಗಳಲ್ಲಿ ಕೆಳಗಡೆ ಕಾರಿಗೆ, ಹಾಲಿಗೆ, ಅಡುಗೆ ಮನೆಗೇ ಜಾಗ ಮುಗ್ದೋಗಿರುತ್ತೆ, ಮಂಡಿ ನೋವಿರೋರು ದಿನಾ ಮೆಟ್ಲು ಹತ್ಬೇಕು. ಮತ್ತೆ ಮಧ್ಯದ ಮನೆ ಅಂದ್ರೆ ಎರಡೂ ಪಕ್ಕ ಗೋಡೆ, ಕಿಟಕಿ ಮುಂದೆ ಹಿಂದೆ ಮಾತ್ರ. ಮಧ್ಯಾಹ್ನ ಲೈಟ್ ಆರ್ಸಿ ನೋಡಿ ಬನ್ನಿ, ಸೇಲ್ಸ್ ನೋರು ಎಲ್ಲಾ ಲೈಟ್ ಹಾಕೇ ತೋರ್ಸ್ತಾರೆ.

ಕೆಂಗೇರಿ ಕಿಟ್ಟಿ:
ಆಂಟಿ ಹೇಳಿದ್ದು ಸರಿ, ಆದ್ರೆ ಅದಕ್ಕೂ ಮುಂಚೆ ಪೇಪರ್. ನೆಲ ನಮ್ದು ಅಂತಿದೀರಲ್ಲ, ಅದು ನಿಜವಾ ಅಂತ ಕ್ರಯಪತ್ರದ ಶೆಡ್ಯೂಲ್, ಅಂದ್ರೆ ಆಸ್ತಿ ವಿವರದ ಭಾಗ, ಓದಿದ್ರೆ ಮಾತ್ರ ಗೊತ್ತಾಗೋದು. ನಿಮ್ಮ ಭಾಗದ ಜಾಗಕ್ಕೆ ಅಳತೆ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಸಮೇತ ಬರ್ದಿದ್ರೆ ಸರಿ. ಅದು ಬಿಟ್ಟು ಒಟ್ಟು ಜಾಗದಲ್ಲಿ ಇಷ್ಟು ಅವಿಭಾಜ್ಯ ಪಾಲು ಅಂದ್ರೆ ಯುಡಿಎಸ್ ಅಂತಿದ್ರೆ ಅದು ನೋಡೋಕೆ ಮನೆ ಥರ ಇರೋ ಅಪಾರ್ಟ್ಮೆಂಟೇ ಅಷ್ಟೇ, ನಾಳೆ ಮೇಲೊಂದು ರೂಮ್ ಹಾಕ್ತೀನಿ ಅಂದ್ರೂ ಉಳಿದ 21 ಮನೆಯವ್ರು ತಕರಾರು ತೆಗೀತಾರೆ. ಯುಡಿಎಸ್ ತಪ್ಪಲ್ಲ, ಆದ್ರೆ ಅಪ್ಪಂಗೆ ಮೊದ್ಲೇ ಹೇಳ್ಬಿಡಿ 😀

ಇ-ಖಾತಾ ಇದೆ ಅಂದ್ರೆ ಅದ್ರಲ್ಲೇನೂ ವಿಶೇಷ ಇಲ್ಲ, 2024ರ ಅಕ್ಟೋಬರಿಂದ ಅದಿಲ್ದೆ ಬೆಂಗಳೂರಲ್ಲಿ ರಿಜಿಸ್ಟ್ರೇಷನ್ನೇ ಆಗಲ್ಲ, ಬಿ ಖಾತಾದವ್ರಿಗೂ, ಅಂದ್ರೆ ಅನುಮತಿಗಳು ಸರಿಯಿಲ್ದಿರೋ ಆಸ್ತಿಯವ್ರಿಗೂ, ಇ-ಖಾತಾ ಕೊಡ್ತಾರೆ, ಹಾಗಾಗಿ ಎ ನಾ ಬಿ ನಾ ಅಂತ ಕೇಳಿ. ಮೂಲಪತ್ರ, 30 ವರ್ಷದ ಇಸಿ (ಋಣಭಾರ ಪತ್ರ), ಕನ್ವರ್ಷನ್ ಆರ್ಡರ್ (ಕೃಷಿ ಜಮೀನನ್ನ ಮನೆ ಕಟ್ಟೋಕೆ ಬದಲಾಯಿಸಿದ ಆದೇಶ), ಸ್ಯಾಂಕ್ಷನ್ ಪ್ಲಾನ್ ಎಲ್ಲಾ ನಿಮ್ಮ ಸ್ವಂತ ವಕೀಲರಿಗೆ ಕೊಡಿ, ಬಿಲ್ಡರ್ ಪರಿಚಯ ಮಾಡ್ಸೋ ವಕೀಲರಿಗಲ್ಲ. ಆ ಜಾಗ ಹಿಂದೆ ಎಸ್ಸಿ ಎಸ್ಟಿಯವ್ರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತೆ, ಅಂಥಾ ಜಾಗ ಸರ್ಕಾರದ ಅನುಮತಿ ಇಲ್ದೆ ಮಾರೋ ಹಾಗಿಲ್ಲ, ಅದನ್ನೂ ನೋಡಕ್ಕೆ ಹೇಳಿ. ಓಸಿ (ಮನೆ ವಾಸಕ್ಕೆ ಯೋಗ್ಯ ಅನ್ನೋ ಸ್ವಾಧೀನ ಪತ್ರ) ಇಲ್ದೆ ಕೀ ತಗೊಳ್ಳಲೇಬೇಡಿ, ನಮ್ಮ ಸಂಬಂಧಿಕರೊಬ್ರು ಹಾಗೆ ತಗೊಂಡು ಪರ್ಮನೆಂಟ್ ಕರೆಂಟಿಗೆ ಈಗ್ಲೂ ಓಡಾಡ್ತಿದಾರೆ. ಇನ್ನೊಂದು, ಓಸಿ ಬಂದ್ಮೇಲೆ ತಗೊಂಡ್ರೆ 5% ಜಿಎಸ್ಟಿ ಉಳಿಯುತ್ತೆ.

ಮೆಟ್ರೋ ಮಂಜ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಅಪ್ಪ ಅಮ್ಮ ಜೊತೇಲೇ ಇರ್ತಾರೆ ಆಂಟಿ, ಕೆಳಗೆ ರೂಮಿಲ್ಲ 😐 ರಿಜಿಸ್ಟ್ರೇಷನ್ ಖರ್ಚು ಎಷ್ಟಾಗ್ಬೋದು? ಮತ್ತೆ ಅಲ್ಲಿ ನೀರ್ ನುಗ್ಗೋ ಸಮಸ್ಯೆ ಇದ್ಯಾ?

ಕೆಂಗೇರಿ ಕಿಟ್ಟಿ:
ಸ್ಟಾಂಪ್ ಡ್ಯೂಟಿ ಸೆಸ್ಸು ಸರ್ಚಾರ್ಜು ಸೇರಿ 5.6%, ರಿಜಿಸ್ಟ್ರೇಷನ್ ಫೀ 2025ರ ಆಗಸ್ಟ್ ಕೊನೆಯಿಂದ 1 ಇದ್ದಿದ್ದು 2% ಆಗಿದೆ, ಒಟ್ಟು 7.6, ಅಂದ್ರೆ ಹತ್ತೂವರೆ ಲಕ್ಷದ ಮೇಲೆ. ಇದಕ್ಕೆಲ್ಲಾ ಬ್ಯಾಂಕ್ ಲೋನ್ ಕೊಡಲ್ಲ ಅನ್ಕೊಂಡೇ ಲೆಕ್ಕ ಹಾಕಿ.

ಸಂಪು ತುಂಬಿಲ್ಲ:
ನೀರ್ ನುಗ್ಗೋದಕ್ಕೆ ಸರ್ಕಾರದ ದಿಶಾಂಕ್ ಆಪಲ್ಲಿ ಸರ್ವೆ ನಂಬರ್ ಹಾಕಿ ನೋಡಿ, ಕೆರೆ, ರಾಜಕಾಲುವೆ (ಮಳೆನೀರು ಹರಿಯೋ ದೊಡ್ಡ ಕಾಲುವೆ) ಎಲ್ಲಾ ಕಾಣುತ್ತೆ. 2022ರ ಸೆಪ್ಟೆಂಬರಲ್ಲಿ ಸರ್ಜಾಪುರ ರೋಡ್ ಕಡೆ ಕೋಟಿಗಟ್ಲೆ ಬೆಲೆಯ ವಿಲ್ಲಾಗಳಿಂದ ಜನ್ರನ್ನ ಟ್ರ್ಯಾಕ್ಟರಲ್ಲಿ, ಬೋಟಲ್ಲಿ ಆಚೆ ತಂದಿದ್ದು ನೆನಪಿದ್ಯಲ್ಲ. ಒಂದ್ ಜೋರು ಮಳೆ ಬಂದ ಮಾರನೇ ದಿನ ಹೋಗಿ ರೋಡು ನೋಡಿ, ಪಕ್ಕದ ಅಂಗಡಿಯವ್ರನ್ನ ಮಾತಾಡ್ಸಿ.

ಕುಡಿಯೋ ನೀರಿಗೆ ಕಾವೇರಿ 5ನೇ ಹಂತ ಬಂತಲ್ಲ ಸಾರ್ ಅಂತಾರೆ. ಪೈಪ್ ಬೀದಿಗೆ ಬಂದಿರೋದೇ ಬೇರೆ, ಕನೆಕ್ಷನ್ ಆಗಿ ಮೀಟರ್ ಓಡೋದೇ ಬೇರೆ. ಅಕ್ಕಪಕ್ಕದವ್ರ ಹತ್ರ ಜಲಮಂಡಳಿ ಬಿಲ್ಲು ಇದ್ಯಾ, ಬೇಸಿಗೇಲಿ ತಿಂಗಳಿಗೆ ಎಷ್ಟು ಟ್ಯಾಂಕರ್ ಹಾಕ್ಸ್ತಾರೆ ಅಂತ ಕೇಳಿ. ಹಾಗೇ ಪಕ್ಕದ ಮನೆ ಜೊತೆ ಒಂದೇ ಗೋಡೆನಾ, ಇಬ್ರಿಗೂ ಬೇರೆ ಬೇರೆನಾ ಅಂತ್ಲೂ ಕೇಳಿ. ಒಂದೇ ಗೋಡೆ ಆಗಿದ್ದು ಅವರ ಬಾತ್ರೂಮ್ ನಿಮ್ಮ ಬೆಡ್ರೂಮ್ ಗೋಡೆಗೆ ತಾಗಿದ್ರೆ ಲೀಕೇಜಿಗೆ ಅವ್ರ ಟೈಲ್ಸ್ ಒಡೀಬೇಕು, ಅವ್ರು ಒಪ್ಬೇಕಲ್ಲ.

ಮೆಟ್ರೋ ಮಂಜ:
ಕ್ರಯಪತ್ರದ ಡ್ರಾಫ್ಟ್ ಕೇಳ್ದೆ, ಟೋಕನ್ ಆದ್ಮೇಲೆ ಕೊಡ್ತೀವಿ ಅಂದ್ರು.

ಕೆಂಗೇರಿ ಕಿಟ್ಟಿ:
ಅವ್ರನ್ನ ಕೇಳೋದೇ ಬೇಡ. 22 ಮನೆ ಅಂದ್ಮೇಲೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇರ್ಲೇಬೇಕು, ಆ ನಂಬರ್ ಹಾಕಿದ್ರೆ ರೇರಾ ಸೈಟಲ್ಲೇ ಪ್ಲಾನು, ಅಗ್ರಿಮೆಂಟು ಕ್ರಯಪತ್ರದ ನಮೂನೆ ಎಲ್ಲಾ ಸಿಗ್ಬೇಕು. ಅಗ್ರಿಮೆಂಟ್ ರಿಜಿಸ್ಟರ್ ಮಾಡ್ದೆ 10%ಗಿಂತ ಜಾಸ್ತಿ ದುಡ್ಡು ತಗೊಳ್ಳೋ ಹಾಗೂ ಇಲ್ಲ. ನಂಬರೇ ಇಲ್ಲ ಅಂದ್ರೆ ಬೇರೆ ಮನೆ ನೋಡಿ, ಕೆಳಗೊಂದು ರೂಮಿರೋದು.