ಟ್ಯಾಂಕಿನ ಸೀಲೆಂಟ್: ಬಿ-2 ಅಂದರೆ ಎರಡು ಗಂಟೆಗೆ ಗಟ್ಟಿಯಾಗುತ್ತಾ?

ಪ್ರಶ್ನೆ: ಸರ್, ನಾನು ವಿಮಾನ ನಿರ್ವಹಣೆಗೆ ಹೊಸಬ. ರೆಕ್ಕೆಯ ಟ್ಯಾಂಕಿನಲ್ಲಿ ರಿವೆಟ್ ಸಾಲಿನಿಂದ ಇಂಧನ ಜಿನುಗುತ್ತಿತ್ತು. ಹಳೇ ಸೀಲೆಂಟ್ (ಸೋರಿಕೆ ತಡೆಯಲು ಹಚ್ಚುವ ರಬ್ಬರಿನಂಥ ಪದಾರ್ಥ) ಕೆರೆದು ತೆಗೆದು ಬಿ-2 ಅನ್ನೋ ಪಾಲಿಸಲ್ಫೈಡ್ ಸೀಲೆಂಟ್ ಹಚ್ಚಿದೆವು. ಮಾರನೇ ದಿನ ಮುಟ್ಟಿದರೆ ಇನ್ನೂ ಅಂಟುತ್ತಿದೆ. ಬೆರೆಸುವಾಗ ತಪ್ಪಾಯಿತಾ? ಇಂಧನ ಯಾವಾಗ ತುಂಬಬಹುದು?

ಉತ್ತರ: ಗಾಬರಿ ಬೇಡ. ಆ 2 ಅನ್ನೋದು ಗಟ್ಟಿಯಾಗುವ ಸಮಯ ಅಲ್ಲ. ಬೆರೆಸಿದ ಮೇಲೆ ಹಚ್ಚಲು ನಿಮಗೆ ಸಿಗುವ ಸಮಯ, ಗಂಟೆಗಳಲ್ಲಿ. 'ಬಿ' ಅಂದರೆ ಗನ್‌ನಿಂದ ಎಳೆಯುವ ದಪ್ಪ ಸೀಲೆಂಟ್. ಬ್ರಷ್‌ನಲ್ಲಿ ಬಳಿಯುವ ತೆಳುವಾದದ್ದು 'ಎ'.

ಎಎಂಎಸ್-ಎಸ್-8802 ಮಾನದಂಡದ ಬಿ-2 ಕೈಗೆ ಅಂಟದಂತಾಗಲು 40 ಗಂಟೆವರೆಗೆ ಬೇಕಾಗಬಹುದು. ಗಟ್ಟಿಯಾಗಲು 72 ಗಂಟೆ. ಅದೇ ಹಚ್ಚಲು ಅರ್ಧ ಗಂಟೆ ಸಿಗುವ ಬಿ-1/2 ಆದರೆ 10 ಮತ್ತು 30 ಗಂಟೆ. ಈ ಲೆಕ್ಕವೆಲ್ಲ 25 ಡಿಗ್ರಿ ಸೆಲ್ಸಿಯಸ್, ಶೇ. 50 ತೇವಾಂಶಕ್ಕೆ. ಒಂದೇ ದಿನಕ್ಕೆ ಅಂಟುತ್ತಿದ್ದರೆ ಅದು ಸಹಜ.

'ಒಣಗುವುದು' ಅನ್ನೋ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಬಣ್ಣದ ಹಾಗೆ ಇದು ಗಾಳಿಗೆ ಒಣಗುವುದಿಲ್ಲ. ಎರಡು ಭಾಗ ಸೇರಿ ರಾಸಾಯನಿಕ ಕ್ರಿಯೆಯಿಂದ ರಬ್ಬರ್ ಆಗುತ್ತದೆ. ಚಳಿ ಇದ್ದರೆ ನಿಧಾನ. ಗಟ್ಟಿಯಾಗಿಸಲು ಮ್ಯಾಂಗನೀಸ್ ಡೈಆಕ್ಸೈಡ್ ಬಳಸುವ ಬಗೆಗಳಲ್ಲಿ ಗಾಳಿ ತೀರಾ ಒಣಗಿದ್ದರೂ ನಿಧಾನ. ಸುಮ್ನೆ ಫ್ಯಾನ್ ಹಾಕಿದರೆ ಬೇಗ ಆಗುವುದಿಲ್ಲ.

ಪ್ರಶ್ನೆ: ಹಾಗಾದರೆ ಬಿಸಿ ಮಾಡಬಹುದಾ ಸರ್?

ಉತ್ತರ: ಮಾಡಬಹುದು, ಮಿತಿಯಲ್ಲಿ. ಸುಮಾರು 10 ಡಿಗ್ರಿ ಏರಿದರೆ ಸಮಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಸಾಮಾನ್ಯವಾಗಿ 60 ಡಿಗ್ರಿ ದಾಟಿಸುವುದಿಲ್ಲ. ಆದರೆ ಮೊದಲು ನಿಮ್ಮ ವಿಮಾನದ ಮ್ಯಾನುಯಲ್ ನೋಡಿ, ಅದೇ ಕೊನೆಯ ಮಾತು. ನೋಡಬೇಕಾದದ್ದು ಲೋಹದ ಬಿಸಿ, ಹ್ಯಾಂಗರ್ ಗಾಳಿಯದ್ದಲ್ಲ. ಮಾಮೂಲಿ ಹೀಟ್ ಗನ್ ಮಾತ್ರ ಹತ್ತಿರ ತರಬೇಡಿ! ಖಾಲಿ ಟ್ಯಾಂಕಿನಲ್ಲೂ ಇಂಧನದ ಆವಿ ಇರುತ್ತದೆ. ಅದಕ್ಕೆ ಕಿಡಿ ತಾಗಿದರೆ ಜೀವ ಹೋಗುತ್ತದೆ.

ಪ್ರಶ್ನೆ: 72 ಗಂಟೆ ಆದ ಮೇಲೆ ಧೈರ್ಯವಾಗಿ ತುಂಬಬಹುದು ಅಲ್ವಾ?

ಉತ್ತರ: ಬರೀ ಗಡಿಯಾರ ನಂಬಬೇಡಿ. ಬೆರೆಸಿದಾಗಲೇ ಸ್ವಲ್ಪ ತೆಗೆದು ಒಂದು ಮುಚ್ಚಳದಲ್ಲಿ ಹಾಕಿ, ದಿನಾಂಕ, ಸಮಯ ಬರೆದು ವಿಮಾನದ ಪಕ್ಕದಲ್ಲೇ ಇಡಬೇಕು. ಅದರ ಗಡಸುತನ ಶೋರ್ ಎ ಮಾಪಕದಲ್ಲಿ (ರಬ್ಬರಿನ ಗಡಸುತನ ಅಳೆಯುವುದು) ಕನಿಷ್ಠ 30 ಬರಬೇಕು. ಮಾದರಿಯೂ ಮೆತ್ತಗೇ ಉಳಿದಿದ್ದರೆ ಬೆರಕೆಯ ಮೇಲೆ ಅನುಮಾನ ಪಡಿ. ಅಳತೆಯನ್ನು ಕಣ್ಣಂದಾಜಿನಲ್ಲಿ ಮಾಡಿದರೆ ಹೀಗಾಗುತ್ತದೆ. ಮಾದರಿ ಗಟ್ಟಿಯಾಗಿ ಟ್ಯಾಂಕಿನೊಳಗಿನದು ಮಾತ್ರ ಮೆತ್ತಗಿದ್ದರೆ, ಅಲ್ಲಿ ಲೋಹ ತಣ್ಣಗಿದೆ ಅಥವಾ ಸರಿಯಾಗಿ ಒರೆಸಿಲ್ಲ. ಹಚ್ಚಿದ ಜಾಗದಲ್ಲಿ ಇಂಧನ ಇನ್ನೂ ಜಿನುಗುತ್ತಿತ್ತಾ ಅಂತಲೂ ನೋಡಿ.

ಪ್ರಶ್ನೆ: ಮಾದರಿ ಇಟ್ಟಿಲ್ಲ ಸರ್.

ಉತ್ತರ: ಹಾಗಾದರೆ ಪೂರ್ತಿ 72 ಗಂಟೆ ಕಾಯಿರಿ, ಚಳಿ ಇದ್ದರೆ ಇನ್ನೂ ಜಾಸ್ತಿ. ಆಮೇಲೆ ನಿಮ್ಮ ಇನ್‌ಸ್ಪೆಕ್ಟರ್‌ಗೆ ನಡೆದದ್ದನ್ನು ಇದ್ದ ಹಾಗೇ ಹೇಳಿ. ಅವರು ಪರೀಕ್ಷಿಸಿ ಒಪ್ಪುವವರೆಗೆ ಇಂಧನ ತುಂಬಬೇಡಿ.