ಅಪ್‌ಡೇಟ್: ಆ ಹಳೇ ಕಾದಂಬರಿ ಈಗ ಧಾರವಾಡದಲ್ಲಿದೆ

ದೀಪಾವಳಿ ಟೈಮಲ್ಲಿ ಕೇಳಿದ್ನಲ್ಲ, ಬೆಂಗಳೂರಿನ ಅವೆನ್ಯೂ ರೋಡ್ ಫುಟ್‌ಪಾತಲ್ಲಿ 80 ರೂಪಾಯಿಗೆ ಸಿಕ್ಕಿದ ಕಾದಂಬರೀನ ಓದಿದವರು ಮುಂದಿನವರಿಗೆ ದಾಟಿಸ್ಬೇಕು, ಕೊರಿಯರ್ ಚಾರ್ಜೇ ಬುಕ್‌ಗಿಂತ ಜಾಸ್ತಿ ಆಗ್ತಿದೆ, ಏನ್ ಮಾಡ್ಲಿ ಅಂತ. ನೀವು ಹೇಳಿದ ಹಾಗೇ ಪೋಸ್ಟಾಫೀಸ್‌ಗೆ ಹೋದೆ. ಕಡಿಮೆ ರೇಟಲ್ಲಿ ಪುಸ್ತಕ ಕಳ್ಸೋ ಹಳೇ ಬುಕ್ ಪೋಸ್ಟ್ ನಿಂತೋಗಿದೆ ಕಣ್ರೀ, ಅದ್ರ ಬದ್ಲು 2025ರ ಮೇ ಇಂದ ಜ್ಞಾನ ಪೋಸ್ಟ್ ಅಂತ ಬಂದಿದೆ, 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100, ಮೇಲೆ ಟ್ಯಾಕ್ಸು, ಟ್ರ್ಯಾಕಿಂಗೂ ಇದೆ. ಕೌಂಟರಲ್ಲಿದ್ದೋರಿಗೇ ಗೊತ್ತಿರ್ಲಿಲ್ಲ, ಒಳಗಿಂದ ಯಾರನ್ನೋ ಕರೆಸಿದ್ರು, ಅರ್ಧ ಗಂಟೆ ನಿಂತೆ. ರೋಡಲ್ಲೇ ಹೋಗೋದ್ರಿಂದ ನಿಧಾನ, ಆದ್ರೆ ಕಾದಂಬರಿಗೆ ಏನ್ ಅರ್ಜೆಂಟು!

ಮೈಸೂರು, ಶಿವಮೊಗ್ಗ ದಾಟಿ ಈಗ ಧಾರವಾಡ. ಶಿವಮೊಗ್ಗದ ಮೇಡಂ ಫೋಟೋ ಕಳ್ಸಿದ್ರು, ಮೊದಲ ಪುಟದಲ್ಲಿ 1978ರ ಯಾರದೋ ಮದುವೆ ಉಡುಗೊರೆ ಬರಹ, ಅದ್ರ ಕೆಳಗೆ ನಮ್ಮ ಮೂರು ಜನರ ಹೆಸರು ಪೆನ್ಸಿಲಲ್ಲಿ. ಕಿತ್ತೋಗಿದ್ದ ಪುಸ್ತಕದ ಬೆನ್ನಿಗೆ ಅವ್ರೇ ಮೈದಾ ಅಂಟು ಹಾಕಿ ಹಳೇ ಸೀರೆ ಬಟ್ಟೆ ಅಂಟಿಸಿದ್ದಾರೆ, ನನ್ನ ಸೆಲ್ಲೋಟೇಪ್‌ಗಿಂತ ಸಾವಿರ ಪಾಲು ವಾಸಿ. ಒಳಗಡೆ ಒಂದು ಬಸ್ ಟಿಕೆಟೂ ಇತ್ತಂತೆ, ಅದನ್ನ ಹಾಗೇ ಬಿಟ್ಟಿದ್ದಾರೆ.

ಮುಂದೆ ಕಲಬುರಗಿ ಕಡೆಯವರು ಯಾರಾದ್ರೂ ಇದ್ರೆ ಹೇಳಿ.